ಸಮಾಜಕಾರ್ಯದ ಪೂರ್ವಸಂಶೋಧನಾ ವಿಮರ್ಶೆಯಲ್ಲಿ ಸ್ಥಳನಾಮದ ವಿಚಾರ

ಸಮಾಜಕಾರ್ಯವನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಗಳು ತಮ್ಮ ಪ್ರಬಂಧದ ಮೊದಲಲ್ಲಿ ಈಚಿನ ಸಂಶೋಧನೆಗಳ ವಿಮರ್ಶೆಯನ್ನು ಬರೆಯುವ ಪದ್ಧತಿಯುಂಟು. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷಕ್ಕೆ ಯಾವ ಸ್ಥಾನವೋ ಇಲ್ಲಿ ಇದಕ್ಕೂ ಅದೇ ಸ್ಥಾನವು. ಆದರೆ ಪೂರ್ವಪಕ್ಷವೆಂದರೆ ಹಿಂದಿನವರ ಮತಗಳ ಪಟ್ಟಿಯಲ್ಲ. ಯಾರು, ಎಂದು, ಯಾವ ಅರ್ಥದಲ್ಲಿ ಹೇಳಿದರೆಂಬುದರ ಪರೀಕ್ಷೆಯು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ವಿಷಯದಲ್ಲಿ ಈ ಪರೀಕ್ಷೆಯು ಸ್ಥಳನಾಮದಿಂದಲೇ ಆರಂಭವಾಗಬೇಕು.

ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಅದಕ್ಕೆ ಮುಂಚಿನ ವಿಚಾರಗಳು ರಾಯಚೂರಿನ ಹೆಸರಿನಲ್ಲಿಯೂ, 1956ಕ್ಕೆ ಹಿಂದಿನವು ಹೈದರಾಬಾದು ರಾಜ್ಯದ ವರದಿಗಳಲ್ಲಿಯೂ ಅಡಗಿವೆ. ‘ಕೊಪ್ಪಳ ಜಿಲ್ಲೆ’ ಎಂಬ ಶಬ್ದವನ್ನೇ ಹಿಡಿದು ಹುಡುಕಿದವನು, ಈ ವಿಷಯವನ್ನು ಹಿಂದೆ ಯಾರೂ ವಿಚಾರಿಸಿಲ್ಲವೆಂದು ಬರೆದರೆ ಅದು ಗ್ರಾಹ್ಯವಲ್ಲ. ಮತ್ತು 2018ರಲ್ಲಿ ಗಂಗಾವತಿಯಿಂದ ಕಾರಟಗಿ, ಕನಕಗಿರಿಗಳೂ, ಯಲಬುರ್ಗಾದಿಂದ ಕುಕನೂರೂ ಬೇರೆ ತಾಲ್ಲೂಕುಗಳಾದುವು. 2011ರ ಜನಗಣತಿಯ ಗಂಗಾವತಿಯು ಇಂದಿನ ಗಂಗಾವತಿಯಲ್ಲ.

ಇದು ಬರಿಯ ಶಬ್ದವಿಚಾರವೆಂದು ಉಪೇಕ್ಷಿಸಲಾಗದು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆಯು 1982ರಲ್ಲಿ ಹುಟ್ಟಿತು. ಬಳಿಕ ಈ ಸ್ತ್ರೀಯರ ಸಮೀಕ್ಷೆಯು 1993–94ರಲ್ಲಿಯೂ 2007–08ರಲ್ಲಿಯೂ ನಡೆಯಿತು. ಮೊದಲನೆಯದರ ಕಾಲಕ್ಕೆ ಈ ನಾಲ್ಕು ತಾಲ್ಲೂಕುಗಳು ರಾಯಚೂರಿನಲ್ಲಿದ್ದುವು; ಎರಡನೆಯದರ ಕಾಲಕ್ಕೆ ಇರಲಿಲ್ಲ. ಎಲ್ಲೆಯನ್ನು ಸರಿಪಡಿಸದೆ ಎರಡು ಅಂಕಿಗಳನ್ನು ಹೋಲಿಸಿದವನು, ರಾಯಚೂರಿನಲ್ಲಿ ಪದ್ಧತಿಯು ಕುಗ್ಗಿತೆಂದು ಸಿದ್ಧಾಂತ ಮಾಡಿಯಾನು. ಕುಗ್ಗಿದುದು ಪದ್ಧತಿಯಲ್ಲ, ಜಿಲ್ಲೆಯು!

ಇನ್ನು ಸರಾಸರಿಯ ದೋಷವು. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಸಿದ್ಧವಾದ ಮೇಲೆ ಎಡದಂಡೆಯ ಕಾಲುವೆಯಿಂದ ಗಂಗಾವತಿಯು ಭತ್ತದ ನಾಡಾಯಿತು. ಕುಷ್ಟಗಿ, ಯಲಬುರ್ಗಾಗಳ ಬಹುಭಾಗವು ಮಳೆಯನ್ನೇ ನಂಬಿದ ಬೆದ್ದಲು. ಮಳೆ ತಪ್ಪಿದ ವರ್ಷ ಅಲ್ಲಿಯ ಒಕ್ಕಲು ಮಕ್ಕಳುಮರಿಗಳೊಡನೆ ಗುಳೆ ಹೋಗುತ್ತದೆ. ಈ ಎರಡನ್ನೂ ಕೂಡಿಸಿ ‘ಜಿಲ್ಲೆಯ ಕುಟುಂಬ’ವೆಂದು ವರ್ಣಿಸಿದರೆ, ಅಂಥ ಕುಟುಂಬವು ಎರಡು ಕಡೆಯಲ್ಲಿಯೂ ದೊರೆಯದು.

ಸರಕಾರದ ಅಂಕಿಗಳು ಜಿಲ್ಲಾವಾರಾಗಿಯೇ ಅಚ್ಚಾಗುವಾಗ ವಿದ್ಯಾರ್ಥಿಯು ಮಾಡುವುದೇನೆಂದು ಕೇಳಬಹುದು. ಆಕ್ಷೇಪವು ನ್ಯಾಯವಾದುದೇ. ಅಂಕಿಯನ್ನು ಬಿಡಬೇಕಾಗಿಲ್ಲ, ಅದು ಯಾವ ವರ್ಷದ, ಯಾವ ಎಲ್ಲೆಯ, ನೀರಾವರಿಯದೋ ಬೆದ್ದಲಿನದೋ ಎಂದು ಪ್ರತಿಯೊಂದು ಸಂಶೋಧನೆಯ ಪಕ್ಕದಲ್ಲಿ ಒಂದು ವಾಕ್ಯವನ್ನು ಬರೆದರೆ ಸಾಕು. ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿದ್ದವಳಿಗೇ ಮಾಸಾಶನವು ದೊರೆತ ನಾಡಿನಲ್ಲಿ, ಪಟ್ಟಿಗಳನ್ನು ಓದುವವನ ಪ್ರಮಾದವು ಕಾಗದದಲ್ಲಿಯೇ ನಿಲ್ಲುವುದಿಲ್ಲ.