ಮೆತ್ತಗಾದ ಅಂಗೈ

ಎಲ್ಲ ಕೆಲಸ ಸಾಂಗವಾಗಲಿ ಎಂದು ನಾವು ಕೈಮುಗಿಯುವ ದೇವರಿಗೆ ಆನೆಯ ಮೋರೆ, ಮುರಿದ ದಂತ, ಡೊಳ್ಳುಹೊಟ್ಟೆ. ಗಿರೀಶ ಕಾರ್ನಾಡರ ‘ಹಯವದನ’ (1971) ಶುರುವಾಗುವುದೇ ಈ ಸೋಜಿಗದಿಂದ. ಗಣಪತಿಯನ್ನು ಸ್ತುತಿಸುತ್ತಲೇ ಭಾಗವತರು ಬೆರಗಾಗುತ್ತಾರೆ: ಇಷ್ಟೊಂದು ಊನಗಳ ಮೂರ್ತಿ ಪೂರ್ಣತೆಯ ಒಡೆಯನಾದದ್ದು ಹೇಗೆ?

ಮೂಲಕಥೆ ಕಥಾಸರಿತ್ಸಾಗರದ ಬೇತಾಳನದು. ತಲೆಗಳು ಅದಲುಬದಲಾದರೆ ಗಂಡ ಯಾರು? ತಲೆ ಯಾರದೋ ಅವನೇ ಎಂದು ರಾಜ ತೀರ್ಪು ಕೊಡುತ್ತಾನೆ, ಅಲ್ಲಿಗೆ ಕಥೆ ಮುಗಿಯುತ್ತದೆ. 1940ರಲ್ಲಿ ಜರ್ಮನ್ ಲೇಖಕ ಥಾಮಸ್ ಮಾನ್ ತೀರ್ಪಿನ ಆಚೆಗಿನ ಸಂಸಾರ ಏನಾಯಿತೆಂದು ಬರೆದ. ಕಾರ್ನಾಡರು ಹಿಡಿದದ್ದು ಆ ಎಳೆಯನ್ನು.

ಧರ್ಮಪುರದ ದೇವದತ್ತ ಕವಿ, ಪಂಡಿತನ ಮಗ. ಕಪಿಲ ಕಮ್ಮಾರನ ಮಗ, ಗಟ್ಟಿಮುಟ್ಟಾದ ಆಳು. ದೇವದತ್ತನ ಹೆಂಡತಿ ಪದ್ಮಿನಿಗೆ ಒಬ್ಬನ ಬುದ್ಧಿಯೂ ಬೇಕು, ಇನ್ನೊಬ್ಬನ ಮೈಯೂ ಬೇಕು. ಕಾಳಿಯ ಗುಡಿಯಲ್ಲಿ ಗೆಳೆಯರಿಬ್ಬರೂ ತಲೆ ಕಡಿದುಕೊಂಡ ಮೇಲೆ ಅವಳು ಮುಂಡಗಳಿಗೆ ತಲೆಗಳನ್ನು ಜೋಡಿಸುತ್ತಾಳೆ. ಕತ್ತಲೆಯ ಅವಸರವೋ, ಒಳಗಿನ ಆಸೆಯೋ, ದೇವದತ್ತನ ತಲೆ ಕಪಿಲನ ಮೈಮೇಲೆ ಕೂರುತ್ತದೆ. ಪದ್ಮಿನಿಗೆ ಕೆಲಕಾಲ ಸಿಕ್ಕಿದ್ದು ಕುಂದಿಲ್ಲದ ಗಂಡ.

ಆ ಪೂರ್ಣತೆ ಕರಗಿಹೋಗುವ ಸುದ್ದಿಯನ್ನು ಕಾರ್ನಾಡರು ಋಷಿಯಿಂದಲೋ ದೇವತೆಯಿಂದಲೋ ಹೇಳಿಸುವುದಿಲ್ಲ. ಉಜ್ಜಯಿನಿಯ ಜಾತ್ರೆಯಿಂದ ತಂದ, ಸದಾ ಜಗಳವಾಡುವ ಎರಡು ಗೊಂಬೆಗಳಿಗೆ ಅದು ಮೊದಲು ಗೊತ್ತಾಗುತ್ತದೆ. ತಮ್ಮನ್ನು ಎತ್ತಿಕೊಳ್ಳುವ ದೇವದತ್ತನ ಅಂಗೈ ಮೊದಲು ಒರಟಾಗಿತ್ತು, ಈಗೀಗ ಮೆತ್ತಗಾಗುತ್ತಿದೆ. ತಾಲೀಮು ಬಿಟ್ಟ ಮೈ ಪಂಡಿತನ ಮೈಯಾಗುತ್ತಿದೆ. ಅತ್ತ ಕಾಡು ಸೇರಿದ ಕಪಿಲನ ಮೈ ಮತ್ತೆ ಕಲ್ಲಿನಂತಾಗಿದೆ. ಮನುಷ್ಯ ತನ್ನ ಕೊರತೆಗೇ ಮರಳುವ ಸಂಗತಿಯನ್ನು ಅಂಗೈಯಗಲದಲ್ಲಿ ತೋರಿಸಿದ ಈ ದೃಶ್ಯ ಇಡೀ ನಾಟಕದ ಅತ್ಯುತ್ತಮ ಭಾಗ.

ಚೌಕಟ್ಟಿನ ಕಥೆ ಪೂರ್ತಿ ಕಾರ್ನಾಡರದೇ. ಕುದುರೆಮುಖದ ಹಯವದನ ಪೂರ್ಣನಾಗಬೇಕೆಂದು ಕಾಳಿಯ ಮೊರೆಹೋಗುತ್ತಾನೆ. ನಿದ್ದೆಗಣ್ಣಿನ ದೇವಿ ಅವನ ಮಾತು ಮುಗಿಯುವ ಮೊದಲೇ ಅಸ್ತು ಎನ್ನುತ್ತಾಳೆ. ಅವನು ಪೂರ್ಣನೇನೋ ಆಗುತ್ತಾನೆ, ಆದರೆ ಪೂರ್ಣ ಕುದುರೆ! ಉಳಿದದ್ದು ಮನುಷ್ಯನ ದನಿಯೊಂದೇ. ಅದೂ ಹೋಗಲಿ ಎಂದು ಅವನು ರಾಷ್ಟ್ರಗೀತೆ ಹಾಡುತ್ತಾ ತಿರುಗುತ್ತಾನೆ.

ನಾಟಕ ಎಡವುವುದು ಪದ್ಮಿನಿಯ ವಿಷಯದಲ್ಲಿ. ಗಣಪತಿಯ ಊನಕ್ಕೆ ಪೂಜೆಯಿದೆ, ಹಯವದನನಿಗೆ ಒಂದು ದಾರಿಯಿದೆ. ಕೊನೆಗೆ ಅವಳಿಗಾಗಿ ಹೊಡೆದಾಡಿ ಸಾಯುವ ಗೆಳೆಯರಿಗೂ ಪರಸ್ಪರ ಕ್ಷಮೆಯಿದೆ. ಎರಡನ್ನೂ ಬಯಸಿದ ಹೆಣ್ಣಿಗೆ ಮಾತ್ರ ಚಿತೆ. ಅವಳ ಆಸೆಯನ್ನು ಇಷ್ಟು ಪ್ರೀತಿಯಿಂದ ಅರಿತ ನಾಟಕಕಾರ, ಆ ಆಸೆ ಹೊತ್ತು ಅವಳು ಬದುಕಿ ಉಳಿಯುವ ಒಂದು ದಾರಿಯನ್ನು ಹುಡುಕಬೇಕಿತ್ತು. ಸತಿಯಾಗುವುದು ಹಳೆಯ ಕಥೆಗಳ ಸಲೀಸಾದ ಮುಗಿತಾಯ. ಬೇತಾಳನ ಕಥೆಯ ರಾಜನ ತೀರ್ಪನ್ನೇ ಒಪ್ಪದ ನಾಟಕ ಇದನ್ನೇಕೆ ಒಪ್ಪಬೇಕು?

ಅವಳಿಗೆ ಬದುಕಿನ ಲೆಕ್ಕ ತಿಳಿದಿತ್ತು ಎನ್ನಲು ನಾಟಕದಲ್ಲೇ ಪುರಾವೆಯಿದೆ. ಚಿತೆ ಏರುವ ಮುನ್ನ ಭಾಗವತರಿಗೆ ಹೇಳಿಹೋಗುತ್ತಾಳೆ: ತನ್ನ ಮಗು ಐದು ವರ್ಷದವರೆಗೆ ಕಾಡಿನ ಬೇಟೆಗಾರರ ಬಳಿ ಕಪಿಲನ ಮಗನಾಗಿ ಬೆಳೆಯಲಿ, ಆಮೇಲೆ ಧರ್ಮಪುರದ ಅಜ್ಜನ ಮನೆಯಲ್ಲಿ ದೇವದತ್ತನ ಮಗನಾಗಲಿ. ಯಾರೊಬ್ಬರಲ್ಲೂ ಒಟ್ಟಿಗೆ ಸಿಗದದ್ದನ್ನು ಮಗನಿಗೆ ಎರಡು ಮನೆಗಳಲ್ಲಿ ಹಂಚಿಕೊಟ್ಟ ಏರ್ಪಾಡು ಅದು.

ಆ ಮಗು ಗೊಂಬೆಗಳನ್ನು ಅವುಚಿಕೊಂಡು, ಮಾತಿಲ್ಲದೆ, ನಗುವಿಲ್ಲದೆ ರಂಗಕ್ಕೆ ಬರುತ್ತದೆ. ಹಾಡುವ ಕುದುರೆಯನ್ನು ಕಂಡು ಮೊದಲ ಸಲ ನಗುತ್ತದೆ. ಜೊತೆಗೆ ನಕ್ಕ ಹಯವದನನ ನಗು ಹೇಷಾರವವಾಗುತ್ತದೆ. ಅದನ್ನು ಕೇಳಲು ತಾಯಿ ಅಲ್ಲಿಲ್ಲ.