ಇಬ್ಬರ ಗಾಲ್ಫ್: ಜೋಡಿ ಬಾಜಿಯ ರಸಿಕರಿಗೊಂದು ಕೈಪಿಡಿ

ಗಾಲ್ಫ್ ನೋಡಲು ಕುಳಿತವರಲ್ಲಿ ಬಹುಮಂದಿಯ ಕಣ್ಣು ಎರಡೇ ಕಡೆ ನೆಡುತ್ತದೆ: ಮುನ್ನೂರು ಗಜ ಹಾರುವ ಮೊದಲ ಹೊಡೆತ ಒಂದು, ಮೂವತ್ತಡಿ ಉರುಳಿ ಕುಳಿಗೆ ಬೀಳುವ ಪಟ್ ಮತ್ತೊಂದು. ಬಾಜಿ ಕಟ್ಟುವವರ ಅಭಿರುಚಿಯೂ ಇದಕ್ಕಿಂತ ಮೇಲ್ಮಟ್ಟದ್ದಲ್ಲ. ಬ್ರಿಟನ್ನಿನ ಓಪನ್ ಪಂದ್ಯಾವಳಿಗೆ ಇಳಿಯುವ 156 ಮಂದಿಯಲ್ಲಿ ಒಬ್ಬನನ್ನು ಆರಿಸಿ, ಒಂದಕ್ಕೆ ಐವತ್ತರಷ್ಟು ಬರಲೆಂದು ಹಾರೈಸಿ, ನಾಲ್ಕು ದಿನವೂ ಆ ಒಂದು ಹೆಸರನ್ನೇ ಜಪಿಸುವುದು ಲಾಟರಿಯೇ ಹೊರತು ರಸಾಸ್ವಾದವಲ್ಲ. ಇಬ್ಬರು ಆಟಗಾರರನ್ನು ಎದುರುಬದುರು ನಿಲ್ಲಿಸಿ, ಇವರಲ್ಲಿ ಯಾರ ಹೊಡೆತಗಳು ಕಡಿಮೆಯಾದಾವು ಎಂದು ನಿರ್ಣಯಿಸುವ ಜೋಡಿ ಬಾಜಿಯಲ್ಲಿ ಮಾತ್ರವೇ ವಿವೇಚನೆಗೆ ನಿಜವಾದ ಎಡೆಯಿದೆ ಎಂಬುದು ನನ್ನ ದೃಢವಾದ ನಂಬಿಕೆ.

ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. 1961ರ ಮೇ ತಿಂಗಳಿಂದ ಕಾನೂನಿನ ಸಮ್ಮತಿಯೊಡನೆ ನಡೆದುಬಂದಿರುವ ಬ್ರಿಟನ್ನಿನ ಬಾಜಿ ಅಂಗಡಿಗಳಲ್ಲಿ ಸಮಬಲರೆನಿಸಿದ ಜೋಡಿಗೆ ಸಾಮಾನ್ಯವಾಗಿ ಎರಡು ಕಡೆಗೂ ಹನ್ನೊಂದಕ್ಕೆ ಹತ್ತರ ದರವಿರುತ್ತದೆ. ಅಂದರೆ 11 ಪೌಂಡು ಕಟ್ಟಿ ಗೆದ್ದವನಿಗೆ ಲಾಭ 10 ಪೌಂಡು. ಆದಕಾರಣ 21 ಬಾಜಿಗಳಲ್ಲಿ 11ನ್ನು, ಎಂದರೆ ನೂರಕ್ಕೆ 52ಕ್ಕಿಂತ ತುಸು ಹೆಚ್ಚನ್ನು, ಗೆಲ್ಲದವನ ಗಂಟು ಕರಗುವುದು ನಿಶ್ಚಿತ. ಇಬ್ಬರೂ ಸಮನಾದರೆ ಕೆಲವು ಅಂಗಡಿಯವರು ಹಣ ಹಿಂದಿರುಗಿಸುತ್ತಾರೆ. ಕೆಲವರು ಸಮಬಲಕ್ಕೇ ಪ್ರತ್ಯೇಕ ದರವಿಟ್ಟು ಉಳಿದವರ ಹಣವನ್ನು ನುಂಗುತ್ತಾರೆ. ಇದನ್ನು ಓದಿಕೊಳ್ಳದೆ ಕೈ ಹಾಕಬಾರದು.

ಇನ್ನು ನೋಡುವ ವಿದ್ಯೆಯ ಮಾತು. ಅದು ನನಗೆ ದಕ್ಕಿದ್ದು ಸ್ಕಾಟ್ಲೆಂಡಿನ ಕಡಲತೀರದ ಮೈದಾನವೊಂದರಲ್ಲಿ, ಆಟಗಾರರ ಚೀಲ ಹೊತ್ತೇ ಆಯುಷ್ಯ ಸವೆಸಿದ್ದ ವೃದ್ಧ ಕ್ಯಾಡಿಯೊಬ್ಬನ ಸಹವಾಸದಿಂದ. ಜನರೆಲ್ಲ ಕುಳಿಯಿರುವ ನುಣುಪು ಹುಲ್ಲಿನ ಗ್ರೀನಿನ ಸುತ್ತ ಕುತ್ತಿಗೆ ಚಾಚಿ ನಿಂತಿರುವಾಗ ಆತ ಇನ್ನೂರು ಗಜ ಹಿಂದೆಯೇ ಹಗ್ಗದ ಬದಿಗೆ ನಿಂತು, ಆಟಗಾರನು ಐರನ್ ಎಂಬ ಲೋಹದ ದಾಂಡನ್ನು ಬೀಸಿದೊಡನೆ ಮೊದಲು ಕಿತ್ತುಬಂದ ಹುಲ್ಲಿನ ಹೆಂಟೆಯನ್ನೂ ಆಮೇಲೆ ಚೆಂಡು ಬಿದ್ದ ಸ್ಥಳವನ್ನೂ ನೋಡಿ, ಪಟ್ ಆರಂಭವಾಗುವ ಮೊದಲೇ ಮುಂದಿನ ಕುಳಿಯತ್ತ ಹೆಜ್ಜೆ ಹಾಕುತ್ತಿದ್ದನು. ಕುಸ್ತಿಯಲ್ಲಿ ಜನ ಚಿತ್ ಆದವನನ್ನು ನೋಡುತ್ತಾರೆ, ಉಸ್ತಾದನು ಅದಕ್ಕೂ ಮೊದಲು ಬಿದ್ದ ಪಟ್ಟನ್ನು ನೋಡಿರುತ್ತಾನೆ. ಆ ವೃದ್ಧನದು ಅಂಥ ದೃಷ್ಟಿ. ಗ್ರೀನನ್ನು ಅರಸಿ ಹೊರಡುವ ಆ ಎರಡನೆಯ ಹೊಡೆತವೇ ಗಾಲ್ಫಿನ ಜೀವಾಳವೆಂಬುದನ್ನು ನಾನು ಅಂದು ಅರಿತೆನು.

ಇದು ಒಬ್ಬ ಮುದುಕನ ಹಟವಷ್ಟೇ ಎಂದುಕೊಳ್ಳುವವರಿಗೆ ಕೊಲಂಬಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿಯವರ ಗಣಿತವೇ ಉತ್ತರ. ಅಮೆರಿಕದ ಪಿಜಿಎ ಟೂರಿನ ಅಗ್ರಗಣ್ಯರು ಉಳಿದ ವೃತ್ತಿಪರರನ್ನು ಮೀರಿಸುವುದು ಎಲ್ಲೆಲ್ಲಿ ಎಂದು ಅವರು ಒಂದೊಂದು ಹೊಡೆತವನ್ನೂ ತೂಗಿ ನೋಡಿದಾಗ, ಆ ಮೇಲುಗೈಯಲ್ಲಿ ನೂರಕ್ಕೆ 40 ಪಾಲು ಗ್ರೀನಿಗೆ ಹೊಡೆಯುವ ಹೊಡೆತಗಳದ್ದೆಂದೂ, 28 ಪಾಲು ಮೊದಲ ಹೊಡೆತದ್ದೆಂದೂ, ಪಟ್‌ನದು ಕೇವಲ 15 ಪಾಲೆಂದೂ ತಿಳಿದುಬಂದಿತು. 8 ಅಡಿಯಿಂದ ವೃತ್ತಿಪರರೇ ಎರಡರಲ್ಲೊಂದು ಪಟ್ ತಪ್ಪಿಸುತ್ತಾರೆ. ಈ ವಾರ ದೂರದ ಪಟ್‌ಗಳೆಲ್ಲ ಬಿದ್ದವೆಂದು ಒಬ್ಬನ ಮೇಲೆ ಹಣ ಸುರಿಯುವವನು ಮುಂದಿನ ವಾರ ಇರಲಾರದ ಸಂಪತ್ತನ್ನು ಕೊಳ್ಳುತ್ತಿದ್ದಾನೆ. ಐರನ್ನಿನ ನಿಖರತೆಯಾದರೋ ಅಷ್ಟು ಸುಲಭವಾಗಿ ಕೈಬಿಡುವಂಥದಲ್ಲ. ಆದುದರಿಂದ ಜೋಡಿಯಲ್ಲಿ ಯಾವನ ಐರನ್ ಚೆನ್ನಾಗಿದ್ದು ಪಟ್ ಮಾತ್ರ ಕೈಕೊಟ್ಟಿದೆಯೋ ಅವನ ಪಕ್ಷ ವಹಿಸಿರಿ; ಜನ ಅವನನ್ನು ಮರೆತಿರುತ್ತಾರೆ, ದರವೂ ಅನುಕೂಲವಾಗಿರುತ್ತದೆ.

ಉದಾಹರಣೆಗೆ, 1977ರಲ್ಲಿ ಟರ್ನ್‌ಬೆರಿಯ ಓಪನ್‌ನಲ್ಲಿ ಟಾಮ್ ವಾಟ್ಸನ್ ಮತ್ತು ಜ್ಯಾಕ್ ನಿಕ್ಲಾಸ್ ಮೂರು ದಿನ ಒಂದೇ ಸಮನೆ 68, 70, 65 ಹೊಡೆತಗಳಲ್ಲಿ ಆಡಿ, ಕೊನೆಯ ದಿನ ಜೊತೆಯಾಗಿ ಕಣಕ್ಕಿಳಿದರು. ಹದಿನೈದನೆಯ ಕುಳಿಯಲ್ಲಿ ವಾಟ್ಸನ್ ಗ್ರೀನಿನ ಹೊರಗಿನಿಂದ ಸುಮಾರು ಅರುವತ್ತಡಿಯ ಪಟ್ ಹಾಕಿದ್ದನ್ನೂ, ಕೊನೆಯ ಕುಳಿಯಲ್ಲಿ ನಿಕ್ಲಾಸ್ ಮೂವತ್ತಕ್ಕೂ ಹೆಚ್ಚು ಅಡಿ ದೂರದಿಂದ ಹಾಕಿದ್ದನ್ನೂ ಜನ ಇಂದಿಗೂ ಹಾಡಿ ಹೊಗಳುತ್ತಾರೆ. ಆದರೆ ಒಂದು ಹೊಡೆತದ ಮುನ್ನಡೆಯಲ್ಲಿದ್ದ ವಾಟ್ಸನ್ ಆ ಕೊನೆಯ ಕುಳಿಯಲ್ಲಿ ಏಳನೆಯ ಐರನ್ನಿನಿಂದ ಚೆಂಡನ್ನು ಧ್ವಜದಿಂದ ಎರಡು ಮೂರು ಅಡಿಯೊಳಗೆ ತಂದು ನಿಲ್ಲಿಸಿದ್ದನಲ್ಲ, ಮೊದಲ ಹೊಡೆತವನ್ನು ಪೊದೆಯ ಮಗ್ಗುಲಿಗೆ ಕಳೆದುಕೊಂಡಿದ್ದ ನಿಕ್ಲಾಸನ ಆ ಮಹಾ ಪಟ್‌ಗೂ ಬಗ್ಗದಂತೆ ಪಂದ್ಯವನ್ನು ಹಿಡಿದಿಟ್ಟದ್ದು ಅದೇ. ವಾಟ್ಸನ್‌ಗೆ 268, ನಿಕ್ಲಾಸ್‌ಗೆ 269. ಮೂರನೆಯವನು ನಿಕ್ಲಾಸನಿಗಿಂತ 10 ಹೊಡೆತ ಹಿಂದೆ!

ಸರಿಯಾದ ನಿರ್ಣಯವೂ ಸೋಲಬಹುದೆಂಬುದನ್ನು ಹೊಸಬರು ಸಹಿಸಲು ಕಲಿಯತಕ್ಕದ್ದು. 2016ರಲ್ಲಿ ಟ್ರೂನ್‌ನ ಓಪನ್‌ನ ಕೊನೆಯ ದಿನ ಫಿಲ್ ಮಿಕೆಲ್ಸನ್ ಒಂದು ಬೋಗಿಯೂ (ಕುಳಿಗೆ ನಿಗದಿಯಾದುದಕ್ಕಿಂತ ಒಂದು ಹೊಡೆತ ಹೆಚ್ಚು) ಇಲ್ಲದೆ 65 ಹೊಡೆದನು. ಅಂಥ ಆಟ ಬೇರೆ ಬಹುತೇಕ ವರ್ಷಗಳಲ್ಲಿ ಕಿರೀಟ ತರುತ್ತಿತ್ತು. ಆದರೆ ಎದುರಿಗಿದ್ದ ಹೆನ್ರಿಕ್ ಸ್ಟೆನ್ಸನ್ 63 ಹೊಡೆದು ಮೂರು ಹೊಡೆತಗಳಿಂದ ಗೆದ್ದನು. ಮಿಕೆಲ್ಸನ್‌ನ ಮೇಲೆ ಹಣವಿಟ್ಟವನು ಮೂರ್ಖನಲ್ಲ. ಅವನು ಮಹತ್ತರವಾದ ಆಟಕ್ಕೆ ಸೋತವನು, ಮತ್ತು ಅದನ್ನು ಕಣ್ಣಾರೆ ಕಂಡವನು.

ಮಿಕ್ಕ ವಿಷಯಗಳು ಚಿಕ್ಕವು. ಒಂದು ದಿನದ ಬಾಜಿಯಾದರೆ ಇಬ್ಬರೂ ಆಟಕ್ಕೆ ಇಳಿಯುವ ವೇಳೆಯನ್ನೂ ಗಾಳಿಯನ್ನೂ ನೋಡಿಕೊಳ್ಳಿ. 2002ರಲ್ಲಿ ಮ್ಯೂರ್‌ಫೀಲ್ಡಿನ ಓಪನ್‌ನ ಮೂರನೆಯ ದಿನ ಬಿರುಗಾಳಿಗೆ ಸಿಕ್ಕಿ ಟೈಗರ್ ವುಡ್ಸ್‌ನಂಥವನೂ 81ಕ್ಕೆ ಇಳಿದನು. ಇಡೀ ಪಂದ್ಯಾವಳಿಯ ಬಾಜಿಯಾದರೆ, ಎರಡು ದಿನಗಳ ನಂತರ ಹಿಂದುಳಿದವರನ್ನು ಹೊರಗಿಡುವ ಕಟ್‌ನಲ್ಲಿ ಒಬ್ಬ ಉದುರಿದರೆ ಉಳಿದವನೇ ಗೆದ್ದಂತೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಪಟ್‌ನ ಕೌಶಲದಿಂದಲೇ ಪದಕದ ಒಂದು ಹೊಡೆತದಷ್ಟು ಸಮೀಪಕ್ಕೆ ಬಂದರಲ್ಲ ಎನ್ನುವಿರಾದರೆ, ಅವರ ಮೊದಲ ಹೊಡೆತದ ದೂರ ಕಡಿಮೆಯಾದ್ದರಿಂದ ಎರಡನೆಯ ಹೊಡೆತಕ್ಕೆ ಅವರು ತೆರುತ್ತಿದ್ದ ಬೆಲೆಯನ್ನೂ ಗಮನಿಸಿರಿ. ಆ ನಾಲ್ಕನೆಯ ಸ್ಥಾನದ ಹಿರಿಮೆ ಆಗ ಇಮ್ಮಡಿಯಾಗಿ ಕಂಡೀತು.

ಕರ್ನಾಟಕದಲ್ಲಿರುವ ಓದುಗರಿಗೆ ಇದಕ್ಕೆ ಹಣ ಬೇಕಿಲ್ಲ, ಹಣವಿಡುವುದೂ ಬೇಡ. ಮುಂದಿನ ಜುಲೈಯಲ್ಲಿ ಓಪನ್ ನಡೆಯುವಾಗ ಇಬ್ಬರನ್ನು ಆರಿಸಿಕೊಂಡು, ಅವರ ಎರಡನೆಯ ಹೊಡೆತಗಳು ಧ್ವಜದಿಂದ ಎಷ್ಟು ದೂರ ನಿಂತವೆಂಬುದನ್ನು ಮಾತ್ರ ಒಂದು ಕಾಗದದ ಮೇಲೆ ಗುರುತು ಹಾಕುತ್ತ ಬನ್ನಿ. ಗೆಲ್ಲುವವನಾರೆಂಬುದನ್ನು ನೀವು ಬಹಳ ಸಲ ಸ್ಕೋರ್ ಫಲಕಕ್ಕಿಂತ ಮೊದಲೇ ತಿಳಿಯುವಿರಿ.