ಅಂಗಾತ ತಿರುಗಿಸಿ ನೋಡುವವರು

ಮೂರಿಂಚಿನ ಆಟಿಕೆ ಕಾರೊಂದನ್ನು ಮಗುವಿನ ಕೈಗೆ ಕೊಟ್ಟರೆ ಅದು ನೆಲಕ್ಕಿಟ್ಟು ಓಡಿಸುತ್ತದೆ. ಅದನ್ನೇ ಸಂಗ್ರಾಹಕನ ಕೈಗೆ ಕೊಟ್ಟು ನೋಡಿ, ಮೊದಲು ಅಂಗಾತ ತಿರುಗಿಸುತ್ತಾನೆ. ಕಾರಿನ ಹೊಟ್ಟೆಯ ಮೇಲೆ ಕಣ್ಣಿಗೆ ಕಷ್ಟ ಕೊಡುವಷ್ಟು ಸಣ್ಣ ಅಕ್ಷರಗಳಿರುತ್ತವೆ: ಕಂಪನಿಯ ಹೆಸರು, ತಯಾರಾದ ದೇಶ, ಒಂದು ಇಸವಿ, ಪಕ್ಕದಲ್ಲೆಲ್ಲೋ ಒಂದು ಅಕ್ಷರ ಮತ್ತು ಅಂಕಿ. ಕನ್ನಡಕವನ್ನು ಹಣೆಗೇರಿಸಿ, ಕಾರನ್ನು ಕಿಟಕಿಯ ಬೆಳಕಿಗೆ ವಾಲಿಸಿ ಅದನ್ನು ಓದಿ ಮುಗಿಸುವವರೆಗೆ ಅವನು ಯಾರಿಗೂ ಉತ್ತರ ಕೊಡುವುದಿಲ್ಲ.

ಹಾಟ್ ವೀಲ್ಸ್ ಕಾರಾದರೆ ಆ ಇಸವಿ ಕಾರು ಹುಟ್ಟಿದ ವರ್ಷವಲ್ಲ, ಆ ಅಚ್ಚಿನ ಹಕ್ಕನ್ನು ಕಂಪನಿ ನಮೂದಿಸಿದ ವರ್ಷ. ಹೊಸಬರು ಎಡವುವುದು ಇಲ್ಲೇ. ಮೊನ್ನೆ ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡ ಕಾರಿನ ತಳದಲ್ಲಿ ಹಳೆಯ ಇಸವಿ ಕಂಡರೆ ನಿಧಿಯೇ ಸಿಕ್ಕಿತೆಂದು ಹಿಗ್ಗುತ್ತಾರೆ. ಆಗ ಗುಂಪಿನ ಹಳಬನೊಬ್ಬ, “ಇಸವಿ ಬಿಡು ಮಗಾ, ಅದರ ಪಕ್ಕದ ಅಕ್ಷರ ನೋಡು” ಅನ್ನುತ್ತಾನೆ. 2008ರಿಂದ ಈಚೆಗೆ ಆ ಅಕ್ಷರ ವರ್ಷವನ್ನೂ ಅಂಕಿ ವಾರವನ್ನೂ ಹೇಳುತ್ತವೆ. ‘ಎ’ ಅಂದರೆ 2008, ‘ಬಿ’ ಅಂದರೆ 2009, ಹೀಗೆ. ಹುಡುಗನ ನಿಧಿ ಕರಗಿಹೋಗುತ್ತದೆ, ನಿಜ. ಆದರೆ ಅವತ್ತಿನಿಂದ ಅವನೂ ಕಾರನ್ನು ಅಂಗಾತ ತಿರುಗಿಸುವವರ ಸಾಲಿಗೆ ಸೇರಿದ.

ಈ ಹವ್ಯಾಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ದಾಟಿಸುವಿಕೆ. ಕಾರು ದುಡ್ಡು ಕೊಟ್ಟರೆ ಬರುತ್ತದೆ. ನೋಡುವ ಕಣ್ಣು ಬರಬೇಕಾದರೆ ಪಕ್ಕದಲ್ಲಿ ಇನ್ನೊಬ್ಬ ಕೂತಿರಬೇಕು. ಬೆಂಗಳೂರಿನಲ್ಲಿ ಭಾನುವಾರದ ಬೆಳಗ್ಗೆ ಯಾವುದಾದರೂ ತಿಂಡಿ ಹೋಟೆಲಿನ ಮೂಲೆಯ ಮೇಜಿನಲ್ಲಿ ಇಂಥವರು ಕೂತಿರುವುದನ್ನು ನೋಡಿದರೆ ನಿಮಗೆ ಸಂಬಂಧವೇ ಹತ್ತುವುದಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು, ಸಾಫ್ಟ್‌ವೇರ್ ಹುಡುಗ, ಗ್ಯಾರೇಜಿನ ಮೆಕ್ಯಾನಿಕ್, ಅಪ್ಪನ ಜೊತೆ ಬಂದ ಪಿಯುಸಿ ಹುಡುಗಿ. ಇಡ್ಲಿಯ ತಟ್ಟೆಗಳು ಅಂಚಿಗೆ ಸರಿದಿರುತ್ತವೆ, ನಡುವೆ ಕರವಸ್ತ್ರ ಹಾಸಿ ಅದರ ಮೇಲೆ ಏಳೆಂಟು ಕಾರು. ಬ್ಯಾಂಕಿನವರನ್ನು ಎಲ್ಲರೂ ‘ಸಾರ್’ ಅನ್ನುತ್ತಾರೆ. ಮಿಕ್ಕವರೆಲ್ಲ ಒಬ್ಬರಿಗೊಬ್ಬರು ‘ಗುರು’. ಒಬ್ಬರು ಏನು ಕೆಲಸ ಮಾಡುತ್ತಾರೆಂದು ಇನ್ನೊಬ್ಬರಿಗೆ ಗೊತ್ತಿಲ್ಲದೆ ವರ್ಷಗಳು ಕಳೆದಿರುತ್ತವೆ, ಯಾರಿಗೆ ಯಾವ ಕಾರು ಬಾಕಿ ಇದೆ ಎಂಬುದು ಮಾತ್ರ ಬಾಯಿಪಾಠ.

ಅಲ್ಲಿ ಎರಡು ಪಕ್ಷಗಳಿವೆ. ಮ್ಯಾಚ್‌ಬಾಕ್ಸ್ ಪಕ್ಷದವರ ಬಳಿ ಒಂದು ಕತೆ ಇದೆ, ಎಷ್ಟು ಸಲ ಹೇಳಿದರೂ ಅವರಿಗೆ ದಣಿವಿಲ್ಲ. ಲಂಡನ್ನಿನಲ್ಲಿ ಲೆಸ್ಲಿ ಸ್ಮಿತ್, ರಾಡ್ನಿ ಸ್ಮಿತ್ ಎಂಬ ಇಬ್ಬರು ಗೆಳೆಯರು, ನೆಂಟರಲ್ಲ, 1947ರಲ್ಲಿ ತಮ್ಮ ಹೆಸರುಗಳ ತುಂಡು ಜೋಡಿಸಿ ‘ಲೆಸ್ನಿ’ ಎಂಬ ಎರಕದ ಕಂಪನಿ ಶುರು ಮಾಡಿದರು. ಜೊತೆಗೆ ಸೇರಿಕೊಂಡ ಜ್ಯಾಕ್ ಓಡೆಲ್ ಅಚ್ಚು ಮಾಡುವುದರಲ್ಲಿ ನಿಸ್ಸೀಮ. ಅವನ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವಂಥ ಆಟಿಕೆಯನ್ನು ಮಾತ್ರ ತರಬಹುದೆಂಬ ಕಟ್ಟಳೆ. ಅಪ್ಪ ಹಿತ್ತಾಳೆಯಲ್ಲಿ ಒಂದು ಪುಟ್ಟ ರೋಡ್ ರೋಲರ್ ಮಾಡಿ ಕೊಟ್ಟ. ತರಗತಿಯ ಮಕ್ಕಳೆಲ್ಲ ನಮಗೂ ಬೇಕೆಂದರು. 1953ರಲ್ಲಿ ಮ್ಯಾಚ್‌ಬಾಕ್ಸ್ ಮಾರುಕಟ್ಟೆಗೆ ಬಂತು. ಅದೇ ವರ್ಷ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ. ಕಂಪನಿ ಮಾಡಿದ ಪುಟ್ಟ ರಾಜರಥ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಗಿ, ಮುಂದಿನದಕ್ಕೆಲ್ಲ ಬಂಡವಾಳವಾಯಿತು.

ನನಗೆ ಈ ಕತೆಗಿಂತ ರುಚಿ ಎನಿಸುವುದು ಆ ಸಾಲಿನ ಮೊದಲ ಮೂರು ಗಾಡಿಗಳು. ಒಂದನೆಯದು ರೋಡ್ ರೋಲರ್, ಎರಡನೆಯದು ಮಣ್ಣು ಸುರಿಯುವ ಡಂಪರ್, ಮೂರನೆಯದು ಸಿಮೆಂಟ್ ಮಿಕ್ಸರ್. ಒಂದೂ ಸೊಗಸುಗಾತಿ ಕಾರಲ್ಲ. ಯುದ್ಧದಲ್ಲಿ ಬಾಂಬು ಬಿದ್ದ ಊರುಗಳನ್ನು ಮತ್ತೆ ಕಟ್ಟುತ್ತಿದ್ದ ದೇಶ ಅದು. ಮಕ್ಕಳು ಬೀದಿಯಲ್ಲಿ ದಿನವೂ ನೋಡುತ್ತಿದ್ದುದು ಈ ಗಾಡಿಗಳನ್ನೇ. ರೋಲರಿನ ಹಸಿರು ಮೈ, ಕೆಂಪು ಉರುಳೆ, ಬೆರಳ ತುದಿಗೆ ತಾಗುವ ತಣ್ಣನೆಯ ಭಾರ. ಅಳತೆ ಕಿರಿದಾದರೂ ಅದರ ಗಾಂಭೀರ್ಯ ಕಿರಿದಾಗಿಲ್ಲ. ಕೆಲಸಕ್ಕೆ ಹೊರಟ ಗಾಡಿಯ ಮುಖಭಾವ ಅದಕ್ಕಿದೆ.

ಇನ್ನೊಂದು ಪಕ್ಷ ಕ್ಯಾಲಿಫೋರ್ನಿಯಾದ್ದು. ಬಾರ್ಬಿ ಬೊಂಬೆಯಿಂದ ಹೆಸರಾಗಿದ್ದ ಮ್ಯಾಟೆಲ್ ಕಂಪನಿ 1968ರಲ್ಲಿ ಹದಿನಾರು ಕಾರುಗಳೊಂದಿಗೆ ಹಾಟ್ ವೀಲ್ಸ್ ಹೊರತಂದಿತು. ವಿನ್ಯಾಸ ಮಾಡಿದ ಹ್ಯಾರಿ ಬ್ರ್ಯಾಡ್ಲಿ ಜನರಲ್ ಮೋಟಾರ್ಸ್‌ನಿಂದ ಬಂದವನು, ಎಂಜಿನಿಯರ್ ಜ್ಯಾಕ್ ರಯಾನ್ ಕ್ಷಿಪಣಿಗಳ ಕೆಲಸದಿಂದ ಬಂದವನು. ಅದುವರೆಗೆ ಆಟಿಕೆ ಕಾರನ್ನು ಕೈಯಿಂದ ತಳ್ಳಬೇಕಿತ್ತು, ತಳ್ಳಿದಷ್ಟೇ ದೂರ ಹೋಗುತ್ತಿತ್ತು. ಇವರು ದಪ್ಪ ಅಚ್ಚುಗಂಬಿಯ ಬದಲು ಸಂಗೀತ ವಾದ್ಯದ ತಂತಿಯಂಥ ತೆಳು ಉಕ್ಕಿನ ತಂತಿ ಹಾಕಿದರು, ಚಕ್ರಕ್ಕೂ ತಂತಿಗೂ ನಡುವೆ ಜಾರುವ ಪ್ಲಾಸ್ಟಿಕ್ಕಿನ ಬುಷ್ ಇಟ್ಟರು. ಮೇಲಿಂದ ಒತ್ತಿದರೆ ಕಾರು ನಿಜವಾದ ಕಾರಿನ ಹಾಗೆ ಕುಗ್ಗಿ ಏಳುತ್ತಿತ್ತು. ಕಿತ್ತಳೆ ಬಣ್ಣದ ಪಟ್ಟಿಯ ಮೇಲೆ ಬಿಟ್ಟರೆ ಸುಮ್ಮನೆ ಹಾರಿಹೋಗುತ್ತಿತ್ತು. ಮ್ಯಾಚ್‌ಬಾಕ್ಸ್‌ನವರು ಗಾಬರಿಬಿದ್ದು ಮರುವರ್ಷವೇ ‘ಸೂಪರ್‌ಫಾಸ್ಟ್’ ಎಂದು ಚಕ್ರ ಬದಲಾಯಿಸಿಕೊಳ್ಳಬೇಕಾಯಿತು.

ಓಟ ಹಾಗಿರಲಿ. ಆ ಮೊದಲ ಕಾರುಗಳ ಬಣ್ಣ ನೋಡಬೇಕು. ಸ್ಪೆಕ್ಟ್ರಾಫ್ಲೇಮ್ ಎಂದು ಅದರ ಹೆಸರು. ಸಾಮಾನ್ಯ ಆಟಿಕೆಗೆ ಲೋಹ ಮುಚ್ಚುವಂತೆ ಮಂದ ಬಣ್ಣ ಬಳಿಯುತ್ತಾರೆ. ಇಲ್ಲಿ ಮೊದಲು ಲೋಹದ ಮೈಯನ್ನೇ ಥಳಥಳ ಹೊಳೆಯುವಂತೆ ಉಜ್ಜಿ, ಅದರ ಮೇಲೆ ಪಾರದರ್ಶಕ ಬಣ್ಣ ಹಚ್ಚಿದರು. ಹಾಗಾಗಿ ಬೆಳಕು ಬಣ್ಣದ ಮೇಲೆ ನಿಲ್ಲದೆ ಒಳಗಿಳಿದು, ಲೋಹ ಮುಟ್ಟಿ, ಬಣ್ಣ ಹೊತ್ತು ಹಿಂತಿರುಗುತ್ತದೆ. ಪೆಪ್ಪರ್‌ಮಿಂಟಿನ ಬಣ್ಣದ ಕಾಗದವನ್ನು ಕಣ್ಣಿಗಿಟ್ಟು ದೀಪ ನೋಡಿದಂತೆ. ಕಾರನ್ನು ಸ್ವಲ್ಪ ಹೊರಳಿಸಿದರೆ ಹಸಿರು ಕಪ್ಪಿಗೆ ಇಳಿದು ಮತ್ತೆ ಮೇಲೆ ಬರುತ್ತದೆ. ಟೈರಿನ ಸುತ್ತ ಕೂದಲೆಳೆಯ ಕೆಂಪು ಗೆರೆ. 1977ರವರೆಗಿನ ಈ ಕಾರುಗಳಿಗೆ ‘ರೆಡ್‌ಲೈನ್’ ಎಂಬ ಹೆಸರು ಬಂದದ್ದು ಅದರಿಂದ. ಗೀರು ಬಿದ್ದ, ಬಣ್ಣ ಅಲ್ಲಲ್ಲಿ ಮಾಸಿದ ಒಂದು ರೆಡ್‌ಲೈನ್ ಮೇಜಿನ ಸುತ್ತ ಕೈಯಿಂದ ಕೈಗೆ ಹೋಗುವಾಗ ಮಾತು ತಾನಾಗಿ ನಿಲ್ಲುತ್ತದೆ. ಕೊನೆಗೆ ಮೆಕ್ಯಾನಿಕ್ ಒಂದೇ ಮಾತು ಹೇಳುತ್ತಾನೆ: “ಈ ಕೆಲಸ ಈಗ ಯಾರ್ ಮಾಡ್ತಾರೆ ಸಾರ್?”

ಮಾಡುತ್ತಾರೆ, ಆದರೆ ಬಚ್ಚಿಟ್ಟು ಮಾಡುತ್ತಾರೆ. 1995ರಲ್ಲಿ ಕಂಪನಿ ‘ಟ್ರೆಷರ್ ಹಂಟ್’ ಎಂಬ ಆಟ ಹೂಡಿತು. ಆ ವರ್ಷ ಹನ್ನೆರಡು ಕಾರು, ಒಂದೊಂದೂ ಹತ್ತು ಸಾವಿರ ಮಾತ್ರ. 2007ರಿಂದ ‘ಸೂಪರ್’ ಎಂಬ ಇನ್ನೂ ಅಪರೂಪದ್ದು ಸೇರಿತು: ರಬ್ಬರ್ ಟೈರು, ಮತ್ತೆ ಅದೇ ಸ್ಪೆಕ್ಟ್ರಾಫ್ಲೇಮ್ ಬಣ್ಣ. ಇನ್ನೂರು ರೂಪಾಯಿ ಆಸುಪಾಸಿನ ಮಾಮೂಲಿ ಕಾರುಗಳ ನಡುವೆ ಅದೇ ಬೆಲೆಗೆ ಅದೂ ನೇತಾಡುತ್ತಿರುತ್ತದೆ, ತಾನು ಯಾರೆಂದು ಹೇಳಿಕೊಳ್ಳದೆ. ಗುರುತು ಹಿಡಿಯಬಲ್ಲವನು ಎತ್ತಿಕೊಳ್ಳುತ್ತಾನೆ. ತಿಳಿಯದ ತಾಯಿಯೊಬ್ಬಳು ಎತ್ತಿಕೊಂಡರೆ ಸಂಜೆಯೊಳಗೆ ಅದು ಮರಳಿನ ಗುಡ್ಡೆಯೊಳಗಿರುತ್ತದೆ. ಎರಡನೆಯದಾದರೂ ನನಗೇನೂ ದುಃಖವಿಲ್ಲ.

ಗೆಳೆತನ ಪರೀಕ್ಷೆಗೆ ಬೀಳುವುದು ಈ ಪೆಗ್‌ನ ಮುಂದೆ. ಪೆಗ್ ಅಂದರೆ ಅಂಗಡಿಯಲ್ಲಿ ಕಾರಿನ ಕಾರ್ಡ್ ನೇತುಹಾಕುವ ಕೊಕ್ಕೆ. ಹೊಸ ಪೆಟ್ಟಿಗೆ ಒಡೆದರೆ ಸಾಮಾನ್ಯವಾಗಿ 72 ಕಾರು, ಅದರಲ್ಲಿ ಎಲ್ಲರೂ ಬಯಸುವಂಥದ್ದು ನಾಲ್ಕೋ ಐದೋ. ಮೊದಲು ಹೋದವನು ಎಲ್ಲವನ್ನೂ ಬಾಚಿಕೊಂಡು ಬಂದು ನಾಲ್ಕು ಪಟ್ಟು ಬೆಲೆಗೆ ಮಾರಬಹುದು. ಹಾಗೆ ಮಾಡುವವನಿಗೆ ಇವರಲ್ಲಿ ‘ಸ್ಕ್ಯಾಲ್ಪರ್’ ಎಂಬ ಬೈಗುಳವಿದೆ, ಅದಕ್ಕಿಂತ ಕೆಟ್ಟ ಪದ ಈ ಮೇಜಿನ ಮೇಲೆ ಇಲ್ಲ. ಮಿಕ್ಕವರು ಮಾಡುವುದು ಬೇರೆ. ಅಂಗಡಿಯಿಂದಲೇ ಫೋನಿನಲ್ಲಿ ಒಂದು ಫೋಟೊ ಬರುತ್ತದೆ, ಹಿಂದೆಯೇ ಕರೆ: “ಗುರು, ನೀನ್ ಹುಡುಕ್ತಿದ್ದ ನೀಲಿ ಡಾಟ್ಸನ್ ಸಿಕ್ತು. ತೆಗೆದಿಟ್ಟಿದೀನಿ.” “ಎಷ್ಟಾಯ್ತು?” “ಎಂಆರ್‌ಪಿ ಕೊಡು ಸಾಕು. ಕಾಫಿ ನಿಂದು.” ತನಗೆ ಬೇಡದ್ದನ್ನು ಇನ್ನೊಬ್ಬನಿಗಾಗಿ ನೆನಪಿಟ್ಟುಕೊಂಡು, ಬಸ್ಸಿನಲ್ಲಿ ಕಾರ್ಡಿನ ಮೂಲೆ ಮಡಿಯದಂತೆ ಹಿಡಿದು ತರುವುದಿದೆಯಲ್ಲ, ಆ ಸಜ್ಜನಿಕೆಯನ್ನು ನಾನು ಅನೇಕ ಸಾಹಿತ್ಯಗೋಷ್ಠಿಗಳಲ್ಲಿ ಕಂಡಿಲ್ಲ.

ಜಗಳವೂ ಇದೆ. ಎಂದೂ ಮುಗಿಯದ ಜಗಳ ಅಂದರೆ ಕಾರ್ಡ್ ಬಿಚ್ಚಬೇಕೇ ಬೇಡವೇ ಎಂಬುದು. ಬಿಚ್ಚದೆ ಇಟ್ಟರೆ ಬೆಲೆ ಉಳಿಯುತ್ತದೆ, ಕಾರ್ಡಿನ ಮೇಲಿನ ಚಿತ್ರವೂ ಒಂದು ಕಲೆಯೇ ಎಂದು ಒಂದು ವಾದ. ಸಾಫ್ಟ್‌ವೇರ್ ಹುಡುಗನ ಕೋಣೆಯ ಗೋಡೆ ತುಂಬ ಬಿಚ್ಚದ ಕಾರುಗಳು. ಪಿಯುಸಿ ಹುಡುಗಿ ಅಂಗಡಿಯ ಮೆಟ್ಟಿಲಿನಲ್ಲೇ ಬಿಚ್ಚುವವಳು. ನಾನು ಅವಳ ಕಡೆ. ಪ್ಲಾಸ್ಟಿಕ್ಕಿನ ಗುಳ್ಳೆಯೊಳಗಿರುವ ಕಾರಿನ ಭಾರ ಅಂಗೈಗೆ ಗೊತ್ತಾಗುವುದಿಲ್ಲ, ಹೊಟ್ಟೆಯ ಮೇಲಿನ ಬರಹ ಕಣ್ಣಿಗೆ ಸಿಗುವುದಿಲ್ಲ. ಮತ್ತೆ ಉಳಿಯುವುದು ಬೆಲೆಯ ಮಾತು. ಬೆಲೆ ಬಂದು ಕೂತ ಮೇಜಿನಿಂದ ರಸ ಎದ್ದುಹೋಗುತ್ತದೆ. 1969ರ ಬೀಚ್ ಬಾಂಬ್ ಎಂಬ ಫೋಕ್ಸ್‌ವ್ಯಾಗನ್ ವ್ಯಾನಿನ ಗತಿ ನೋಡಿ. ಮೊದಲು ಮಾಡಿದ ಮಾದರಿಯಲ್ಲಿ ಸರ್ಫಿಂಗ್ ಹಲಗೆಗಳು ಹಿಂದಿನ ಕಿಟಕಿಯಿಂದ ಚಾಚಿಕೊಂಡಿದ್ದವು. ವ್ಯಾನು ಕಿರಿದು, ತಲೆಭಾರ ಹೆಚ್ಚು. ಪಟ್ಟಿಯ ಮೇಲೆ ನೆಟ್ಟಗೆ ಓಡಲಿಲ್ಲ. ಅದನ್ನು ಕೈಬಿಟ್ಟು, ಅಗಲಗೊಳಿಸಿ, ಹಲಗೆಗಳನ್ನು ಪಕ್ಕಕ್ಕೆ ತಂದು ಮಾರಿದರು. ಆ ವಿಫಲ ಮಾದರಿಯಲ್ಲಿ ಗುಲಾಬಿ ಬಣ್ಣದ್ದು ತಿಳಿದಿರುವಂತೆ ಎರಡೇ ಉಳಿದಿವೆ, ಬೆಲೆ ಲಕ್ಷ ಡಾಲರಿಗೂ ಮೇಲೆಂದು ಅಂದಾಜು. ಎಲ್ಲರಿಗೂ ಆ ಅಂಕಿ ಗೊತ್ತು. ಆ ಹಲಗೆ ಚಾಚಿಕೊಂಡ ಭಂಗಿಯಲ್ಲಿ ಸಮುದ್ರಕ್ಕೆ ಹೊರಟ ಹುಡುಗರ ಎಂಥ ಉಡಾಫೆ ಇದೆ ಎಂದು ತೋರಿಸಿದ್ದು ಮಾತ್ರ ಆ ಹುಡುಗಿ, ಅದೂ ಫೋಟೊದಲ್ಲಿ.

ಹಳೆಯ ಆಟಿಕೆಯಲ್ಲಿ ಇಲ್ಲದ ಭಾಗಕ್ಕೂ ಒಂದು ರುಚಿಯಿದೆ. ಕಾರ್ಗಿ ಕಂಪನಿ 1965ರಲ್ಲಿ ಜೇಮ್ಸ್ ಬಾಂಡನ ಆಸ್ಟನ್ ಮಾರ್ಟಿನ್ ಮಾಡಿತು. ಸಿನಿಮಾದ ಕಾರು ಬೆಳ್ಳಿಯದು, ಆಟಿಕೆ ಚಿನ್ನದ ಬಣ್ಣದ್ದು. ಬೆಳ್ಳಿ ಬಳಿದರೆ ಬಣ್ಣವೇ ಹಚ್ಚಿಲ್ಲವೇನೋ ಎನಿಸುತ್ತಿತ್ತಂತೆ. ಗುಂಡಿ ಒತ್ತಿದರೆ ಚಾವಣಿ ತೆರೆದು ಪಕ್ಕದ ಸೀಟಿನ ಖಳ ಆಕಾಶಕ್ಕೆ ಚಿಮ್ಮುತ್ತಾನೆ. ಈಗ ಸಿಗುವ ಎಷ್ಟೋ ಕಾರುಗಳಲ್ಲಿ ಆ ಮನುಷ್ಯನಿಲ್ಲ. ಯಾವುದೋ ಸೋಫಾದ ಸಂದಿಯಲ್ಲೋ ಹುಲ್ಲಿನಲ್ಲೋ ಬಿದ್ದುಹೋಗಿದ್ದಾನೆ. ಬ್ಯಾಂಕಿನ ಸಾರ್ ಬಳಿಯಿರುವುದೂ ಸೀಟು ಖಾಲಿಯಿರುವ ಕಾರೇ. ಹೊಸದಾಗಿ ಮಾಡಿದ ನಕಲಿ ಮನುಷ್ಯ ಕೊಳ್ಳಲು ಸಿಗುತ್ತಾನೆ, ಅವರು ಕೊಂಡಿಲ್ಲ. “ಅವನು ಹೋದ ಅಂದರೆ ಯಾರೋ ಆಡಿದಾರೆ ಅಂತ ಅಲ್ಲವೇನಯ್ಯಾ?” ಅನ್ನುತ್ತಾರೆ.

ಕೆಲವು ಕಾರುಗಳಿಗೆ ಆಯುಷ್ಯವೇ ಕಡಿಮೆ. ಬ್ರಿಟನ್ನಿನ ಡಿಂಕಿ ಕಂಪನಿ ಎರಡನೇ ಯುದ್ಧಕ್ಕೆ ಮುಂಚೆ ಮಾಡಿದ ಗಾಡಿಗಳಲ್ಲಿ, ಸತುವಿನ ಮಿಶ್ರಲೋಹಕ್ಕೆ ಸೀಸದಂಥ ಕಶ್ಮಲ ಬೆರೆತದ್ದರಿಂದ ಲೋಹ ಒಳಗಿನಿಂದಲೇ ಬಿರುಕು ಬಿಟ್ಟು, ಉಬ್ಬಿ, ಒಂದು ದಿನ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ಗಾಜಿನ ಕಪಾಟಿನಲ್ಲಿಟ್ಟು ಪೂಜೆ ಮಾಡಿದರೂ ಅಷ್ಟೆ.

ಡಿಂಕಿ ಅಂದಾಗ ನಮ್ಮ ದೇಶದ ಮಾತು ಬಂತು. ಆ ಕಂಪನಿಯ ಹಳೆಯ ಅಚ್ಚುಗಳು 1960ರ ದಶಕದ ಕೊನೆಗೆ ಕಲ್ಕತ್ತಾಕ್ಕೆ ಬಂದು, ‘ನಿಕ್ಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಮತ್ತೆ ಕಾರುಗಳನ್ನು ಹೆತ್ತವು. ಎರಕ ಸ್ವಲ್ಪ ಒರಟು, ಬಣ್ಣ ದಪ್ಪ. ‘ಮ್ಯಾಕ್ಸ್‌ವೆಲ್’ ಎಂಬ ಇನ್ನೊಂದು ಹೆಸರಿನಲ್ಲಿ ಪುಟ್ಟ ಗಾಡಿಗಳು ಬಂದವು. ಆಮೇಲೆ ‘ಲಿಯೋ ಮ್ಯಾಟೆಲ್’ ಹೆಸರಿನಲ್ಲಿ ಹಾಟ್ ವೀಲ್ಸ್ ಇಲ್ಲೇ ತಯಾರಾಯಿತು, ಅಮೆರಿಕದಲ್ಲಿ ಬಾರದ ವಿಚಿತ್ರ ಬಣ್ಣಗಳಲ್ಲಿ. ನಮ್ಮ ಬಾಲ್ಯದಲ್ಲಿ ಇವೆಲ್ಲ ಫಾರಿನ್ ಕಾರಿನ ಮುಂದೆ ಎರಡನೇ ದರ್ಜೆಯವು. ಈಗ ಫಾರಿನ್ನಿನವರೇ ಇವನ್ನು ಹುಡುಕುತ್ತಿದ್ದಾರೆ. ಅಚ್ಚು ಅದೇ, ಕೈ ಬೇರೆ. ಆ ಬೇರೆ ಕೈಯ ಗುರುತೇ ಅವರಿಗೆ ಇಷ್ಟ. ನನಗೂ ಅಷ್ಟೆ. ನಿಕ್ಕಿಯ ಗಡುಸು ಬಣ್ಣದ ಮುಂದೆ ನುಣುಪಾದ ಡಿಂಕಿ ಸ್ವಲ್ಪ ಸಪ್ಪೆ ಎಂದೇ ನನ್ನ ಅಭಿಪ್ರಾಯ. ಮ್ಯಾಚ್‌ಬಾಕ್ಸ್ ಪಕ್ಷದವರು ಒಪ್ಪುವುದಿಲ್ಲ.

ಇಂಥ ಕಾರುಗಳು ಹೆಚ್ಚಾಗಿ ಇರುವುದು ಅಟ್ಟದಲ್ಲಿ, ಇಲ್ಲವೇ ದಸರಾ ಬೊಂಬೆಗಳ ಪೆಟ್ಟಿಗೆಯಲ್ಲಿ. ಕೆಳಗಿನ ಮೆಟ್ಟಿಲಿನ ಪಾರ್ಕಿನಲ್ಲಿ ನಿಲ್ಲಿಸಲೆಂದು ಎತ್ತಿಟ್ಟವು. ಈ ಸಲ ಪೆಟ್ಟಿಗೆ ಇಳಿಸಿದಾಗ ಅವನ್ನು ಅಂಗಾತ ತಿರುಗಿಸಿ ನೋಡಿ. ತಳದಲ್ಲಿ ನಿಕ್ಕಿ, ಮ್ಯಾಕ್ಸ್‌ವೆಲ್ ಅಥವಾ ಲಿಯೋ ಎಂದಿದ್ದರೆ ಹೊಸ ಬಣ್ಣ ಬಳಿಯಬೇಡಿ, ಹರಿದ ಡಬ್ಬಿಯಿದ್ದರೆ ಅದನ್ನೂ ಎಸೆಯಬೇಡಿ. ಗುಜರಿಗೆ ಹಾಕುವ ಮುಂಚೆ ಒಮ್ಮೆ ಬಲ್ಲವರಿಗೆ ತೋರಿಸಿ. ಕೊಡಲೇಬೇಕೆಂದಿಲ್ಲ, ತೋರಿಸಿದರೂ ಅವರು ಕಾಫಿ ಕೊಡಿಸುತ್ತಾರೆ.